ಎಬಿಸಿಯೋ, ಎಬಿಬಿಯೋ: ಪೋಕೆಮಾನ್ ಗೋ ತಂಡ ಕಟ್ಟುವ ತರ್ಕ

2025ರ ಆಗಸ್ಟ್‌ನಲ್ಲಿ ಅಮೆರಿಕದ ಅನಹೈಮ್‌ನಲ್ಲಿ ನಡೆದ ಪೋಕೆಮಾನ್ ವಿಶ್ವ ಚಾಂಪಿಯನ್‌ಶಿಪ್‌ನ ‘ಪೋಕೆಮಾನ್ ಗೋ’ ವಿಭಾಗದಲ್ಲಿ ಭಾರತದ ವೇದ್ ಬಾಂಬ್ ಗೆದ್ದರು. 2016ರ ಡಿಸೆಂಬರ್‌ನಲ್ಲಿ ಜಿಯೊ ಜತೆಗಿನ ಒಪ್ಪಂದದೊಂದಿಗೆ ಭಾರತಕ್ಕೆ ಬಂದಾಗ ಈ ಮೊಬೈಲ್ ಆಟ, ಬೀದಿ ಸುತ್ತಿ ಪೋಕೆಮಾನ್ ಎಂಬ ಕಾಲ್ಪನಿಕ ಜೀವಿಗಳನ್ನು ಹಿಡಿಯುವ ಆಟವೆಂದೇ ಹೆಸರಾಗಿತ್ತು. 2020ರಲ್ಲಿ ‘ಗೋ ಬ್ಯಾಟಲ್ ಲೀಗ್’ ಸೇರಿಕೊಂಡ ಮೇಲೆ ಕೂತಲ್ಲಿಂದಲೇ ದೂರದ ಅಪರಿಚಿತ ಎದುರಾಳಿಯೊಡನೆ ಸೆಣಸುವ ದಾರಿ ತೆರೆಯಿತು. ಸಿಂಧನೂರು ತಾಲ್ಲೂಕಿನ ತುರ್ವಿಹಾಳದಲ್ಲಿ ಫೋನ್ ಹಿಡಿದವನಿಗೂ ಟೋಕಿಯೊದಲ್ಲಿ ಫೋನ್ ಹಿಡಿದವಳಿಗೂ ಅಲ್ಲಿ ಒಂದೇ ನಿಯಮ. ಹೀಗಾಗಿ ಪಳಗಿದ ಆಟಗಾರರ ನಡುವಿನ ಹಳೆಯ ತಕರಾರು ಈ ಸೀಮೆಯ ಹೊಸಬರಿಗೂ ತಪ್ಪಿದ್ದಲ್ಲ: ತಂಡವನ್ನು ಸಮತೂಕದಲ್ಲಿ ಕಟ್ಟಬೇಕೋ, ಒಂದೇ ಕಡೆಗೆ ಭಾರ ಹಾಕಿ ಕಟ್ಟಬೇಕೋ?

ವಾದಕ್ಕೆ ಇಳಿಯುವ ಮುನ್ನ ನಿಯಮಗಳನ್ನು ನೋಡಬೇಕು. ತಂಡದಲ್ಲಿ ಮೂರು ಪೋಕೆಮಾನ್. ಗ್ರೇಟ್ ಲೀಗ್‌ನಲ್ಲಿ ಒಂದೊಂದರ ಸಿಪಿ, ಅಂದರೆ ಬಲದ ಅಂಕ, 1500 ಮೀರುವಂತಿಲ್ಲ. ದೊಡ್ಡ ದಾಳಿ ತಡೆಯಲು ಇಬ್ಬರು ಆಟಗಾರರಿಗೂ ತಲಾ ಎರಡು ಶೀಲ್ಡ್. ಕಣದಲ್ಲಿರುವ ಪೋಕೆಮಾನ್ ಅನ್ನು ಒಮ್ಮೆ ಸ್ವಿಚ್ ಮಾಡಿದರೆ ಮತ್ತೆ ಮನಬಂದಂತೆ ಬದಲಿಸಲು ಕೊಂಚ ಹೊತ್ತು ಕಾಯಲೇಬೇಕು. ಎದುರಾಳಿಯ ಮೂರರಲ್ಲಿ ಆರಂಭಕ್ಕೆ ಕಾಣುವುದು ಮುಂದೆ ನಿಂತ ‘ಲೀಡ್’ ಒಂದೇ. ಆಟದಲ್ಲಿರುವ ಬೆಂಕಿ, ನೀರಿನಂಥ 18 ಟೈಪ್‌ಗಳಲ್ಲಿ ಪ್ರತಿಯೊಂದಕ್ಕೂ ಒಂದಾದರೂ ವೈರಿ ಟೈಪ್ ಉಂಟು. ವೈರಿ ಟೈಪ್‌ನ ದಾಳಿ ಬಿದ್ದರೆ ಪೆಟ್ಟು 1.6 ಪಟ್ಟು, ಎರಡು ಟೈಪ್ ಇರುವ ಪೋಕೆಮಾನ್‌ಗೆ ಎರಡೂ ಕಡೆಯಿಂದ ಅದೇ ದೌರ್ಬಲ್ಯವಿದ್ದರೆ 2.56 ಪಟ್ಟು. ಮೂರೂ ಬೇರೆ ಬೇರೆ ಗುಣದವಾಗಿದ್ದು ಒಂದರ ಕೊರತೆಯನ್ನು ಇನ್ನೊಂದು ತುಂಬುವ ತಂಡವನ್ನು ಆಟಗಾರರು ‘ಎಬಿಸಿ’ ಎನ್ನುತ್ತಾರೆ. ಲೀಡ್ ಒಂದು ಬಗೆಯದಾಗಿ, ಹಿಂದಿನ ಎರಡೂ ಒಂದೇ ಗುಣದವಾಗಿದ್ದರೆ ಅದು ‘ಎಬಿಬಿ’.

ಎಬಿಸಿಯ ಪರವಾದ ವಾದ ಸರಳ, ಆದರೆ ಗಟ್ಟಿ. ಎದುರಿಗೆ ಏನು ಬರುತ್ತದೆಂದು ಗೊತ್ತಿಲ್ಲದಾಗ ಯಾವ ಬಾಗಿಲನ್ನೂ ತೆರೆದಿಡಬಾರದು. ಬೆಂಕಿ, ನೀರು, ಹುಲ್ಲು ಎಂಬ ಹಳೆಯ ತ್ರಿಕೋನವನ್ನೇ ತೆಗೆದುಕೊಳ್ಳಿ: ಟ್ಯಾಲನ್‌ಫ್ಲೇಮ್, ಸ್ವಾಂಪರ್ಟ್, ವೀನಸಾರ್. ಬೆಂಕಿ ಮತ್ತು ಹಾರುವ ಟೈಪ್‌ನ ಟ್ಯಾಲನ್‌ಫ್ಲೇಮ್‌ಗೆ ಬಂಡೆ, ನೀರು, ವಿದ್ಯುತ್ ಮೂರೂ ವೈರಿಗಳು. ಬಂಡೆ ಮತ್ತು ವಿದ್ಯುತ್ತಿಗೆ ಉತ್ತರ ಕೊಡಲು ಸ್ವಾಂಪರ್ಟ್ ಇದೆ, ನೀರಿಗೆ ವೀನಸಾರ್ ಇದೆ. ಸ್ವಾಂಪರ್ಟ್‌ನ ಪರಮ ವೈರಿಯಾದ ಹುಲ್ಲನ್ನು ಟ್ಯಾಲನ್‌ಫ್ಲೇಮ್ ಸುಡುತ್ತದೆ. ಇಂಥ ತಂಡ ಮೊದಲ ಕ್ಷಣದಲ್ಲೇ ಸೋತಿತೆಂದು ಹೇಳುವಂತಿಲ್ಲ. ಲೀಡ್ ಕೆಟ್ಟರೂ ಓಡಲು ಜಾಗವಿರುತ್ತದೆ, ಮಾಡಿದ ಒಂದು ತಪ್ಪಿಗೆ ಇಡೀ ಪಂದ್ಯ ದಂಡವಾಗುವುದಿಲ್ಲ. ಕಲಿಯುವವನಿಗೆ ಇನ್ನೊಂದು ಲಾಭವೂ ಉಂಟು. ಸೋತಾಗ ತಂಡದ ರಚನೆಯನ್ನು ದೂರುವ ನೆಪ ಸಿಗದ ಕಾರಣ, ಶೀಲ್ಡ್ ಯಾವಾಗ ಬಳಸಬೇಕಿತ್ತು, ಸ್ವಿಚ್ ಯಾವಾಗ ಮಾಡಬೇಕಿತ್ತು ಎಂಬ ಪ್ರಶ್ನೆಗಳತ್ತ ಅವನ ಗಮನ ಹೋಗುತ್ತದೆ.

ಇದಕ್ಕೆ ಎದುರು ಪಕ್ಷದವರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸಮತೂಕದ ತಂಡದಲ್ಲಿ ಪ್ರತಿ ಅಪಾಯಕ್ಕೂ ಉತ್ತರವಿದೆ ನಿಜ, ಆದರೆ ಸಾಮಾನ್ಯವಾಗಿ ಒಂದೊಂದೇ ಉತ್ತರ. ಆ ಉತ್ತರ ಮೊದಲೇ ಬಿದ್ದುಹೋದರೆ, ಅಥವಾ ಸ್ವಿಚ್‌ಗೆ ಕಾಯಬೇಕಾದ ಹೊತ್ತಿನಲ್ಲಿ ತಪ್ಪು ಎದುರಾಳಿಯ ಮುಂದೆ ಸಿಕ್ಕಿಬಿದ್ದರೆ, ಉಳಿದ ಎರಡರಿಂದ ಆ ಕೆಲಸ ಆಗದು. ಎದುರಾಳಿ ಜಾಣನಾದರೆ ನಮ್ಮ ಪ್ರತಿಯೊಂದಕ್ಕೂ ಅದರದರ ವೈರಿಯನ್ನೇ ಜೋಡಿಸುತ್ತಾನೆ. ಆಗ ಮೂರು ಬಗೆಯ ಶಕ್ತಿ ಇದ್ದದ್ದು ಮೂರು ಬಗೆಯ ದೌರ್ಬಲ್ಯವಾಗಿ ತಿರುಗುತ್ತದೆ. ಎಲ್ಲವನ್ನೂ ತಡೆಯುವ ತಂಡ ಯಾವುದನ್ನೂ ಒತ್ತಿ ಗೆಲ್ಲದೆ ಉಳಿಯಬಹುದು ಎಂಬುದು ಅವರ ವಾದದ ಸಾರ.

ಎಬಿಬಿಯ ಲೆಕ್ಕಾಚಾರ ಬೇರೆ. ಅದು ದೌರ್ಬಲ್ಯವನ್ನು ಮುಚ್ಚುವುದಿಲ್ಲ, ಅದನ್ನೇ ಬಲೆಯಾಗಿ ಬಳಸುತ್ತದೆ. ಮುಂದೆ ಸ್ಕಾರ್ಮರಿ, ಹಿಂದೆ ಸ್ವಾಂಪರ್ಟ್ ಮತ್ತು ವಿಸ್ಕ್ಯಾಶ್ ಇವೆ ಎನ್ನೋಣ. ಹಿಂದಿನ ಎರಡೂ ನೀರು ಮತ್ತು ನೆಲದ ಟೈಪ್. ಇವಕ್ಕಿರುವ ವೈರಿ ಹುಲ್ಲು ಒಂದೇ, ಆದರೆ ಅದರ ಪೆಟ್ಟು 2.56 ಪಟ್ಟು. ಉಕ್ಕು ಮತ್ತು ಹಾರುವ ಟೈಪ್‌ನ ಸ್ಕಾರ್ಮರಿಗೆ ಹುಲ್ಲಿನ ದಾಳಿ ತಟ್ಟುವುದು ಬಹಳ ಕಡಿಮೆ. ಎದುರಾಳಿ ನೀರು ಮತ್ತು ವಿದ್ಯುತ್ ಟೈಪ್‌ನ ಲ್ಯಾಂಟರ್ನ್ ಇಳಿಸಿ ಸ್ಕಾರ್ಮರಿಯನ್ನು ಓಡಿಸಲು ನೋಡುತ್ತಾನೆ. ಆಗ ಸ್ವಾಂಪರ್ಟ್ ಬರುತ್ತದೆ. ವಿದ್ಯುತ್ ದಾಳಿ ಅದಕ್ಕೆ ನಾಟುವುದು ಅಷ್ಟಕ್ಕಷ್ಟೆ, ಅದರ ನೆಲದ ದಾಳಿ ಲ್ಯಾಂಟರ್ನ್‌ಗೆ 1.6 ಪಟ್ಟು. ಸ್ವಾಂಪರ್ಟ್ ಕಂಡ ಎದುರಾಳಿ ಬಚ್ಚಿಟ್ಟಿದ್ದ ವೀನಸಾರ್ ತೆಗೆಯುತ್ತಾನೆ. ಸ್ವಾಂಪರ್ಟ್ ಬಿದ್ದರೂ ಸರಿ, ಹಿಂದೆಯೇ ಬರುವ ಸ್ಕಾರ್ಮರಿ ವೀನಸಾರ್‌ನ ಕತೆ ಮುಗಿಸುತ್ತದೆ. ಅಲ್ಲಿಗೆ ವಿಸ್ಕ್ಯಾಶ್‌ಗೆ ಅಡ್ಡ ನಿಲ್ಲುವ ಹುಲ್ಲು ಕಣದಲ್ಲಿ ಉಳಿಯುವುದಿಲ್ಲ. ಒಂದು ಉತ್ತರವನ್ನು ಎರಡು ಸಲ ಕೇಳಿದರೆ ಎದುರಾಳಿ ಎರಡನೆಯ ಸಲ ಬರಿಗೈ: ಈ ತಂಡ ಕಟ್ಟುವವರ ನಂಬಿಕೆ ಇದು. ಅದಕ್ಕೆ ಆಧಾರವಿಲ್ಲದೆ ಇಲ್ಲ.

ಆದರೆ ಇದೇ ದೃಶ್ಯವನ್ನು ತಿರುಗಿಸಿ ನೋಡಿ. ಎದುರಾಳಿಯ ಲೀಡ್ ಸ್ಕಾರ್ಮರಿಯನ್ನೇ ಮೊದಲು ಮುಗಿಸಿ, ವೀನಸಾರ್ ಕೊನೆಗೆ ಉಳಿದಿದ್ದರೆ? ಸ್ವಾಂಪರ್ಟ್, ವಿಸ್ಕ್ಯಾಶ್ ಎರಡೂ ಒಂದರ ಹಿಂದೊಂದು ಅದಕ್ಕೆ ಬಲಿ. ನಮ್ಮ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿ ಇಡೀ ಹೊಲಕ್ಕೆ ಭತ್ತ ನಾಟುವವರು ಒಂದನ್ನೇ ನೆಚ್ಚುವ ಈ ತರ್ಕವನ್ನು ಬಲ್ಲರು. ನೀರು ಬಂದ ವರ್ಷ ಭತ್ತಕ್ಕೆ ಸಾಟಿಯಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ, ಒಂದಿಷ್ಟು ಜೋಳ, ತೊಗರಿ ಹಾಕಿಕೊಂಡವನ ಆತಂಕಕ್ಕೂ ಬರೀ ಭತ್ತ ಹಚ್ಚಿದವನ ಆತಂಕಕ್ಕೂ ವ್ಯತ್ಯಾಸವಿತ್ತು. ಹಾಗೆಂದು ಭತ್ತ ಹಚ್ಚುವವನು ಅವಿವೇಕಿಯಲ್ಲ. ಅವನು ಹಲವು ವರ್ಷಗಳ ಸರಾಸರಿಯನ್ನು ಲೆಕ್ಕ ಹಾಕಿರುತ್ತಾನೆ, ಅಷ್ಟೆ.

ಆ ಸರಾಸರಿಯ ಮಾತೇ ಇಲ್ಲಿ ನಿರ್ಣಾಯಕ. ಬ್ಯಾಟಲ್ ಲೀಗ್‌ನಲ್ಲಿ ಒಂದು ಸೆಟ್ ಎಂದರೆ ಐದು ಪಂದ್ಯ, ಸಾಮಾನ್ಯ ದಿನಕ್ಕೆ ಐದು ಸೆಟ್. ಐದರಲ್ಲಿ ಮೂರು ಗೆಲ್ಲುತ್ತ ಹೋದವನ ರೇಟಿಂಗ್ ನಿಧಾನವಾಗಿಯಾದರೂ ಏರುತ್ತದೆ. ಏಸ್ ಪದವಿಗೆ 2000, ಲೆಜೆಂಡ್‌ಗೆ 3000. ಇಷ್ಟೊಂದು ಪಂದ್ಯಗಳ ನಡುವೆ ಒಂದೆರಡು ಹೀನಾಯ ಸೋಲು ಕರಗಿಹೋಗುತ್ತದೆ. ಆದ್ದರಿಂದ ಒಲಿದಾಗ ಪೂರ್ತಿ ಒಲಿಯುವ ಎಬಿಬಿಗೆ ಅಲ್ಲಿ ಬೆಲೆಯಿದೆ. ಅಧಿಕೃತ ಟೂರ್ನಮೆಂಟ್‌ಗಳ ಸ್ವರೂಪ ಬೇರೆ. ಅಲ್ಲಿ ಇಬ್ಬರೂ ಆರು ಪೋಕೆಮಾನ್‌ಗಳ ಪಟ್ಟಿಯನ್ನು ಪರಸ್ಪರ ನೋಡಿ, ಅದರಿಂದ ಮೂರನ್ನು ಆರಿಸಿ, ಮೂರರಲ್ಲಿ ಎರಡು ಗೆದ್ದವರು ಮುಂದೆ ಹೋಗುತ್ತಾರೆ. ಇಂಥ ಎರಡು ಸುತ್ತು ಸೋತರೆ ಟೂರ್ನಮೆಂಟ್‌ನಿಂದ ಹೊರಗೆ. ಒಂದು ಕೆಟ್ಟ ಪಂದ್ಯದ ಬೆಲೆ ಅಲ್ಲಿ ದುಬಾರಿ. ಪಟ್ಟಿ ಕಣ್ಣೆದುರೇ ಇರುವುದರಿಂದ ಬಲೆ ಹೆಣೆಯುವುದೂ ಕಷ್ಟ. ಇದು ಸಮತೂಕದ ಪರವಾಗಿ ನಿಲ್ಲುವ ಅಂಶ.

ಆದರೂ ಅದೇ ಪಟ್ಟಿಯಿಂದ ವಿರುದ್ಧ ತೀರ್ಮಾನಕ್ಕೂ ಬರಬಹುದು. ಎದುರಾಳಿಯ ಆರರಲ್ಲಿ ಹುಲ್ಲಿನ ಟೈಪ್ ಒಂದೂ ಇಲ್ಲವೆಂದು ಕಂಡ ಮೇಲೂ ಸ್ವಾಂಪರ್ಟ್ ಜತೆಗೆ ವಿಸ್ಕ್ಯಾಶ್ ಇಳಿಸದಿರುವುದು ವಿವೇಕವೆನಿಸದು. ಮಾಹಿತಿ ಹೆಚ್ಚಿದಷ್ಟೂ ಸಮತೂಕದ ಅಗತ್ಯ ಕಡಿಮೆಯಾಗುತ್ತದೆ ಎಂಬ ವಾದ ಇಲ್ಲಿಂದ ಹುಟ್ಟುತ್ತದೆ, ಅದೂ ನ್ಯಾಯವಾದದ್ದೇ.

ಸಣ್ಣ ಊರಿನ ಆಟಗಾರರಿಗೆ ಖರ್ಚಿನ ಪ್ರಶ್ನೆಯೂ ಇದೆ. ಬೆಂಗಳೂರಿನಂಥ ಕಡೆ ಆಟದ ಸಾಮಗ್ರಿ ಸಿಗುವ ಪೋಕೆಸ್ಟಾಪ್ ಹೆಜ್ಜೆಗೊಂದು, ಗುಂಪಾಗಿ ಸೆಣಸುವ ರೇಡ್‌ಗೆ ವಾರವಾರವೂ ಜನ. ತಾಲ್ಲೂಕಿನ ಊರುಗಳಲ್ಲಿ ಆ ಸಮೃದ್ಧಿ ಇಲ್ಲ. ಎರಡನೆಯ ಚಾರ್ಜ್ ದಾಳಿ, ಅಂದರೆ ಶಕ್ತಿ ಕೂಡಿಟ್ಟು ಹೊಡೆಯುವ ದೊಡ್ಡ ದಾಳಿ, ತೆರೆಯಲು ಸ್ವಾಂಪರ್ಟ್, ವೀನಸಾರ್‌ನಂಥವಕ್ಕೆ ಆಟದಲ್ಲಿ ಗಳಿಸುವ ಸ್ಟಾರ್‌ಡಸ್ಟ್ 10,000 ಸಾಕಾದರೆ, ರೆಜಿಸ್ಟೀಲ್‌ನಂಥ ಲೆಜೆಂಡರಿಗೆ 1,00,000 ಬೇಕು. ಸಮತೂಕದ ಪಕ್ಷದವರು ಹೇಳುವುದು: ಕಡಿಮೆ ಬಂಡವಾಳದವನು ಎಲ್ಲ ಕಡೆ ಸಲ್ಲುವ ಮೂರನ್ನು ಬೆಳೆಸಿದರೆ ಸೀಸನ್ ಬದಲಾಗಿ ದಾಳಿಗಳ ಬಲ ಏರುಪೇರಾದರೂ ಪೂರ್ತಿ ಮುಳುಗುವುದಿಲ್ಲ. ಎದುರು ಪಕ್ಷ ಹೇಳುವುದು: ಎಲ್ಲ ಟೈಪ್‌ಗಳ ಉತ್ತಮ ಪೋಕೆಮಾನ್‌ಗಳನ್ನು ಕೂಡಿಹಾಕುವುದು ಉಳ್ಳವರ ಆಟ; ಸ್ವಾಂಪರ್ಟ್, ವಿಸ್ಕ್ಯಾಶ್‌ನಂಥ ಕೈಗೆಟುಕುವ ಎರಡನ್ನೇ ನೆಚ್ಚಿ, ಅವನ್ನು ಆಡಿಸುವ ಪರಿಣತಿ ಗಳಿಸುವುದು ಬಡವನ ದಾರಿ. ಎರಡರಲ್ಲಿ ಯಾವುದನ್ನೂ ಹುಸಿ ಎನ್ನಲಾಗದು. ಮೊದಲನೆಯದು ಬಂಡವಾಳ ಉಳಿಸುತ್ತದೆ, ಎರಡನೆಯದು ಕೌಶಲ ಬೆಳೆಸುತ್ತದೆ.

ಇಷ್ಟನ್ನು ತೂಗಿದ ಮೇಲೆ, ಎರಡೂ ಪಕ್ಷದವರು ‘ತಂಡ’ ಎಂದಾಗ ಒಂದೇ ವಸ್ತುವನ್ನು ನೋಡುತ್ತಿಲ್ಲ ಎನಿಸುತ್ತದೆ. ಸಮತೂಕ ಬಯಸುವವರ ಕಾರಣಗಳು, ಅಂದರೆ ಗೊತ್ತಿಲ್ಲದ ಎದುರಾಳಿ, ಬದಲಾಗುವ ಸೀಸನ್, ಮಿತ ಬಂಡವಾಳ ಇವೆಲ್ಲ, ಹೆಚ್ಚು ಅನ್ವಯಿಸುವುದು ನಾವು ಬೆಳೆಸಿಟ್ಟುಕೊಳ್ಳುವ ಸಂಗ್ರಹಕ್ಕೆ. ಒಂದೇ ಕಡೆ ಭಾರ ಹಾಕುವವರ ಕಾರಣಗಳು ಹೆಚ್ಚು ಅನ್ವಯಿಸುವುದು ಅಂದಿನ ಕಣಕ್ಕೆ ಇಳಿಸುವ ಮೂರಕ್ಕೆ. ಹೀಗಾಗಿ ಮಧ್ಯಮ ಮಾರ್ಗವೊಂದನ್ನು ಸೂಚಿಸಬಹುದು: ಸ್ಟಾರ್‌ಡಸ್ಟ್ ಖರ್ಚು ಮಾಡುವಾಗ ಆರನ್ನು ಸಮತೂಕದಲ್ಲಿ ಬೆಳೆಸುವುದು, ಮೂರನ್ನು ಆರಿಸುವಾಗ, ಎದುರಾಳಿಯ ಪಟ್ಟಿ ಅಥವಾ ಆ ವಾರದ ಎದುರಾಳಿಗಳ ಒಲವು ಕಂಡಷ್ಟರ ಮಟ್ಟಿಗೆ ಮಾತ್ರ ವಾಲುವುದು. ಏನೂ ಕಾಣದಿದ್ದಾಗ, ವಿಶೇಷವಾಗಿ ಆಟ ಇನ್ನೂ ಕೈಗೆ ಹತ್ತದ ದಿನಗಳಲ್ಲಿ, ಎಬಿಸಿಯೇ ಹೆಚ್ಚು ಸುರಕ್ಷಿತವೆಂದು ತೋರುತ್ತದೆ. ರೇಟಿಂಗ್ 2000 ದಾಟಿ, ಎದುರಾಳಿಯ ಸ್ವಿಚ್ ನೋಡಿಯೇ ಹಿಂದೆ ಏನಿದೆಯೆಂದು ಊಹಿಸಬಲ್ಲವನು ಎಬಿಬಿಯತ್ತ ಹೊರಳಿದರೆ ಅವನನ್ನು ದುಡುಕಿನವನೆಂದು ಯಾರೂ ದೂರಲಾರರು.