ಕೋಚ್ ಬದಲಾದ್ರೆ ಯಾರು ಉಳೀತಾರೆ?

2024ರ ಸೆಪ್ಟೆಂಬರ್ 14, ಶನಿವಾರ ಸಂಜೆ. ಜ್ಞಾನಭಾರತಿಯಲ್ಲಿ ಮೆಟ್ರೊ ಹತ್ತಿದೆವು, ನಾನು ಮತ್ತು ಕೆಳಗಿನ ಮನೆಯ ಹುಡುಗ. ಒಂಬತ್ತನೇ ಕ್ಲಾಸು. ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು ಕಂಠೀರವ ಸ್ಟೇಡಿಯಮ್ಮಿಗೆ ನಡೆಯೋದು ನಮ್ಮ ಮಾಮೂಲಿ ದಾರಿ. ಐಎಸ್‌ಎಲ್‌ನಲ್ಲಿ ಬೆಂಗಳೂರು ಎಫ್‌ಸಿಯ ಆ ಸೀಸನ್ನಿನ ಮೊದಲ ಪಂದ್ಯ, ಈಸ್ಟ್ ಬೆಂಗಾಲ್ ಎದುರು. ವಿಜಯನಗರ ದಾಟುವಷ್ಟರಲ್ಲಿ ಫೋನಿಗೆ ತಂಡದ ಪಟ್ಟಿ ಬಂತು. ಹುಡುಗ ಎರಡು ಸಲ ಓದಿದ. "ಅಣ್ಣಾ, ಇದು ನಮ್ ಟೀಮೇನಾ?" ಅಂದ.

ಅವನ ಜೆರ್ಸಿಯ ಬೆನ್ನ ಮೇಲೆ ಇದ್ದ ಹೆಸರು ರಾಯ್ ಕೃಷ್ಣ. ಅವರು ಒಡಿಶಾ ತಂಡಕ್ಕೆ ಹೋಗಿ ಒಂದು ವರ್ಷದ ಮೇಲಾಗಿತ್ತು. ಜೆರ್ಸಿ ಹೊಸದು ಕೊಡ್ಸಕ್ಕೆ ಅವರಪ್ಪ ತಯಾರಿರಲಿಲ್ಲ, ಅದು ಬೇರೆ ಮಾತು.

ಹಿಂದಿನ ಸೀಸನ್ ನೆನಪಿಸಿಕೊಳ್ಳಿ. 12 ತಂಡಗಳಲ್ಲಿ ನಾವು 10ನೇ ಸ್ಥಾನ. 2023ರ ಡಿಸೆಂಬರ್‌ನಲ್ಲಿ ಸೈಮನ್ ಗ್ರೇಸನ್ ಹೋಗಿ ಸ್ಪೇನ್‌ನ ಜೆರಾರ್ಡ್ ಝರಗೋಝ ಬಂದರು. ಅವರು ಇಲ್ಲಿಗೆ ಹೊಸಬರೇನಲ್ಲ, ಹಿಂದೆ ಕಾರ್ಲೆಸ್ ಕುವಾದ್ರತ್ ಅವರಿಗೆ ಸಹಾಯಕರಾಗಿ ಇಲ್ಲೇ ಕೆಲಸ ಮಾಡಿದ್ದವರು. ಆದರೆ ಸೀಸನ್ ನಡುವೆ ಬಂದ ಕೋಚ್ ಕೈಗೆ ಸಿಗೋದು ಇನ್ನೊಬ್ಬರು ಆರಿಸಿದ ಆಟಗಾರರು. ಬೇರೆಯವರು ಬರೆದ ಕೋಡ್ ಥರ. ಓಡ್ತಿರತ್ತೆ, ಆದ್ರೆ ಯಾಕೆ ಹಾಗೆ ಬರೆದಿದಾರೆ ಅಂತ ಗೊತ್ತಾಗಲ್ಲ, ಮುಟ್ಟಕ್ಕೂ ಭಯ.

ಗ್ರೇಸನ್ ಇಂಗ್ಲೆಂಡಿನವರು. 2022–23ರಲ್ಲಿ ಅವರ ತಂಡ ನಿಂತಿದ್ದು ಹಿಂದೆ ಮೂವರು ಡಿಫೆಂಡರುಗಳ ಮೇಲೆ. ಎರಡು ಬದಿಯಲ್ಲಿ ಇಡೀ ಗೆರೆಯುದ್ದ ಓಡುವ ಇಬ್ಬರು, ಮುಂದೆ ಇಬ್ಬರು ಸ್ಟ್ರೈಕರ್‌ಗಳು. ಚೆಂಡು ಬೇಗ ಮುಂದಕ್ಕೆ ಹೋಗಬೇಕು, ಎದುರಾಳಿ ಡಿಫೆನ್ಸಿನ ಬೆನ್ನ ಹಿಂದಿನ ಜಾಗಕ್ಕೆ ಓಡುವವರು ಬೇಕು. ಕೃಷ್ಣ ಜೊತೆ ಯುವಕ ಶಿವಶಕ್ತಿ ನಾರಾಯಣನ್ ಆ ಕೆಲಸ ಮಾಡಿದರು. ಡಿಸೆಂಬರ್‌ನಲ್ಲಿ ಪಟ್ಟಿಯ ಕೆಳಗಿದ್ದ ತಂಡ ಸಾಲಾಗಿ ಎಂಟು ಪಂದ್ಯ ಗೆದ್ದು ಫೈನಲ್ ತನಕ ಹೋಯಿತು, ಪೆನಾಲ್ಟಿಯಲ್ಲಿ ಸೋತಿತು. ಶಿವಶಕ್ತಿಗೆ ಆರು ಗೋಲು, ಜೊತೆಗೆ ಲೀಗಿನ ಉದಯೋನ್ಮುಖ ಆಟಗಾರ ಪ್ರಶಸ್ತಿ.

ಝರಗೋಝ ಅವರದ್ದು ಬೇರೆ ಲೆಕ್ಕ. ಹಿಂದೆ ನಾಲ್ವರು, ಚೆಂಡನ್ನು ನಮ್ಮ ಗೋಲ್ ಹತ್ತಿರದಿಂದಲೇ ಪಾಸ್ ಮಾಡುತ್ತಾ ತರಬೇಕು, ಕಳೆದುಕೊಂಡರೆ ಅಲ್ಲೇ ಮೈಮೇಲೆ ಬಿದ್ದು ಕಿತ್ತುಕೊಳ್ಳಬೇಕು. ಈ ಆಟದಲ್ಲಿ ಸೆಂಟರ್ ಬ್ಯಾಕ್ ಆದವನು ಹೆಡ್ ಮಾಡಿ ದೂರ ಒದ್ದರೆ ಸಾಲದು, ಒತ್ತಡದಲ್ಲೂ ನೆಲದ ಮೇಲೆ ಪಾಸ್ ಕೊಡಬೇಕು. ಮುಂದಿರುವವನು ಗೋಲ್ ಹೊಡೆದರೆ ಸಾಲದು, ಮೊದಲ ಡಿಫೆಂಡರೂ ಅವನೇ.

ಹಾಗಂತ ಎಲ್ಲರನ್ನೂ ಕಳಿಸಕ್ಕಾಗತ್ತಾ? ಯುರೋಪಿನ ದೊಡ್ಡ ಕ್ಲಬ್ಬುಗಳು ದುಡ್ಡು ಸುರಿದು ಅರ್ಧ ತಂಡ ಬದಲಿಸ್ತವೆ. ಇಲ್ಲಿ ವಿದೇಶಿಯರು ಆರೇ ಜನ, ಅಂಗಳದಲ್ಲಿ ಒಮ್ಮೆಗೆ ನಾಲ್ವರು. ಉಳಿದ ಏಳು ಜನ ಭಾರತೀಯರು. ಒಳ್ಳೆಯವರನ್ನು ಎಲ್ಲ ಕ್ಲಬ್ಬುಗಳೂ ಒಪ್ಪಂದ ಮಾಡಿ ಕಟ್ಟಿ ಹಾಕಿರ್ತವೆ. ಹಾಗಾಗಿ ತಂಡ ಕಟ್ಟೋದು ಅಂದ್ರೆ ವಿದೇಶಿಯರನ್ನು ನೋಡಿ ಆರಿಸೋದು, ನಮ್ಮ ಹುಡುಗರಿಗೆ ಹೊಸ ಕೆಲಸ ಕಲಿಸೋದು. 2024ರ ಬೇಸಿಗೆಯಲ್ಲಿ ಮುಂಬೈ ಸಿಟಿಯಿಂದ ನೊಗುವೆರಾ, ಪೆರೇರಾ ಡಿಯಾಸ್, ಇಲ್ಲೇ ಆಡಿ ಹೋಗಿದ್ದ ರಾಹುಲ್ ಭೇಕೆ ಬಂದರು. ಸ್ಪೇನ್‌ನ ಕಾಪೊ, ಮೆಂಡೆಸ್ ಸೇರಿದರು. ಹೆಚ್ಚಿನವರು ಮೂವತ್ತು ದಾಟಿದವರು. "ವಯಸ್ಸಾದವರನ್ನ ಗುಡ್ಡೆ ಹಾಕಿದಾರೆ" ಅಂತ ನಾನೇ ಬೈದಿದ್ದೆ.

ಕಲಿಸೋದು ಅಂದೆನಲ್ಲ, ಅದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ರೋಷನ್ ಸಿಂಗ್ ಮೂಲದಲ್ಲಿ ವಿಂಗರ್. ಮಾರ್ಕೊ ಪೆಝಾಯುಲಿ ಕೋಚ್ ಆಗಿದ್ದಾಗ ಅವರನ್ನು ಹಿಂದಕ್ಕೆ ತಂದು ಫುಲ್ ಬ್ಯಾಕ್ ಮಾಡಿದರು, 2021–22ರ ಉದಯೋನ್ಮುಖ ಆಟಗಾರ ಅವರೇ. ಅದಕ್ಕೂ ಹಿಂದೆ, 2016ರಲ್ಲಿ, ಮೂರು ವರ್ಷದಲ್ಲಿ ಎರಡು ಐ-ಲೀಗ್ ಗೆಲ್ಲಿಸಿಕೊಟ್ಟ ಆಶ್ಲೆ ವೆಸ್ಟ್‌ವುಡ್ ಹೋಗಿ, ಬಾರ್ಸಿಲೋನಾದಲ್ಲಿ ಕೆಲಸ ಮಾಡಿದ್ದ ಆಲ್ಬರ್ಟ್ ರೋಕಾ ಬಂದಾಗ ಎಲ್ಲರೂ ದೊಡ್ಡ ಸಂತೆ ನಡೆಯತ್ತೆ ಅಂದುಕೊಂಡಿದ್ದರು. ರೋಕಾ ತಂದ ಮುಖ್ಯ ಹೆಸರುಗಳು ಎರಡು: ಡಿಫೆನ್ಸಿಗೆ ಹುವಾನನ್, ಮಿಡ್‌ಫೀಲ್ಡಿಗೆ ಆಲ್ವಾರೊ ರುಬಿಯೊ. ಚೆಟ್ರಿ ಉಳಿದರು. ವೆಸ್ಟ್‌ವುಡ್ ಕಾಲದ ಒರಟು ಡಿಫೆಂಡರ್ ಜಾನ್ ಜಾನ್ಸನ್ ಕೂಡ ಉಳಿದರು. ಆ ತಂಡ ನವೆಂಬರ್‌ನಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿತು, ಭಾರತದ ಕ್ಲಬ್ಬೊಂದು ಅಲ್ಲಿಗೆ ಹೋಗಿದ್ದು ಅದೇ ಮೊದಲು. ಅರ್ಧ ದಾರಿ ವೆಸ್ಟ್‌ವುಡ್ ನಡೆಸಿದ್ದು ಅನ್ನೋದನ್ನೂ ಮರೀಬಾರದು.

ಕಂಠೀರವಕ್ಕೆ ವಾಪಸ್ ಬರೋಣ. ಆವತ್ತು ಎದುರಿನ ಬೆಂಚಿನಲ್ಲಿ ಕೋಚ್ ಆಗಿ ನಿಂತಿದ್ದವರು ಅದೇ ಕುವಾದ್ರತ್, 2019ರಲ್ಲಿ ನಮಗೆ ಐಎಸ್‌ಎಲ್ ಗೆದ್ದುಕೊಟ್ಟವರು. ನಮ್ಮ ಒಂದೇ ಗೋಲು, ಅದೇ ಗೆಲುವಿನ ಗೋಲು. ಹೊಡೆದಿದ್ದು ಕೊಂಡು ತಂದ ಯಾರೂ ಅಲ್ಲ. ಕ್ಲಬ್ಬಿನ ಕಿರಿಯರ ತಂಡದಿಂದ ಬಂದ ಬೆಂಗಳೂರಿನ ಹುಡುಗ ವಿನೀತ್ ವೆಂಕಟೇಶ್. ನನ್ನ ಪಕ್ಕದವನ ಗಂಟಲು ಆವತ್ತೇ ಕೂತುಹೋಯಿತು.

ಆ ಸೀಸನ್ ಮೂರನೇ ಸ್ಥಾನ. ಪ್ಲೇ-ಆಫ್‌ನಲ್ಲಿ ಮುಂಬೈ ಸಿಟಿಗೆ 5–0. ಫೈನಲ್‌ನಲ್ಲಿ ಕೋಲ್ಕತ್ತದಲ್ಲಿ ಮೋಹನ್ ಬಾಗನ್ ಎದುರು ಹೆಚ್ಚುವರಿ ಸಮಯದಲ್ಲಿ 2–1 ಸೋಲು. ನಲವತ್ತು ತುಂಬಿದ ಚೆಟ್ರಿಗೆ 14 ಗೋಲು. ಅವರಿಂದ ದಿನಾ ತೊಂಬತ್ತು ನಿಮಿಷ ಓಟ ಕೇಳಲಿಲ್ಲ. ಎಷ್ಟೋ ಸಲ ಬೆಂಚಿನಿಂದ ಬಂದು, ಎದುರಿನವರ ಕಾಲು ಸೋತ ಹೊತ್ತಿಗೆ ಸರಿಯಾದ ಜಾಗದಲ್ಲಿ ನಿಂತರು. ಅದೇ ಹೊತ್ತಿಗೆ ಶಿವಶಕ್ತಿಗೆ ಅವಕಾಶ ಕಡಿಮೆಯಾಗಿತ್ತು, ಆ ಆರು ಗೋಲಿನ ಹತ್ತಿರ ಮತ್ತೆ ಬರಲಾಗಲಿಲ್ಲ. ಓಟ ಕಡಿಮೆಯಾಗಿತ್ತು ಅಂತ ನನಗನ್ನಿಸಲ್ಲ. ಓಡೋ ಜಾಗ ಹೋಗಿತ್ತು. ಇದನ್ನ ನಾನು ಕ್ಲಬ್ಬಿನ ಲೆಕ್ಕದಲ್ಲಿ ನಷ್ಟ ಅಂತಲೇ ಬರೀತೀನಿ.

ಈಗ ಇದೆಲ್ಲ ಯಾಕೆ ನೆನಪಾಯಿತು ಅಂದ್ರೆ, ಕಳೆದ ತಿಂಗಳು ನಮ್ಮ ಟೀಮಿಗೂ ಹೊಸ ಮ್ಯಾನೇಜರ್ ಬಂದಿದಾರೆ. ಹಳೇ ಸಿಸ್ಟಮ್ ಒಡೆದು ಹೊಸದಾಗಿ ಕಟ್ಟಬೇಕಂತೆ. ಏಳು ಜನರ ಹೆಸರಿರೋ ಒಂದು ಶೀಟ್ ಕಳಿಸಿ, ಪ್ರತಿಯೊಬ್ಬರ ಮುಂದೆ 'ಹೊಂದುತ್ತಾರೆ' ಅಥವಾ 'ಹೊಂದುವುದಿಲ್ಲ' ತುಂಬಿ ಅಂದಿದಾರೆ. ಐದು ಹೆಸರು ತುಂಬಿದೆ. ಒಂದು ನನ್ನದೇ, ಅದನ್ನ ಬೇರೆಯವರು ತುಂಬ್ತಾರೆ. ಇನ್ನೊಂದು ನಲವತ್ತಮೂರರ ಸೀನಿಯರ್ ಒಬ್ಬರದು. ನನಗೆ ಕೆಲಸ ಕಲಿಸಿದವರು. ಹೊಸ ಭಾಷೆ ಅವರಿಗೆ ಬರಲ್ಲ, ರಾತ್ರಿ ಎರಡಕ್ಕೆ ಪೇಮೆಂಟ್ ನಿಂತರೆ ಅವರಲ್ಲದೆ ಬೇರೆ ಯಾರಿಗೂ ದಾರಿ ಕಾಣಲ್ಲ. ಕ್ಲಬ್ ಬಿಟ್ಟ ಆಟಗಾರನಿಗೆ ಇನ್ನೊಂದು ಕ್ಲಬ್ ಸಿಗಬಹುದು. ಇವರಿಗೆ ಹೋಮ್ ಲೋನ್ ಇದೆ, ಮಗಳು ಪಿಯುಸಿ.

ಸೋಮವಾರ ಹತ್ತೂವರೆಗೆ ಮ್ಯಾನೇಜರ್ ಜೊತೆ ಕೂರ್ತೀನಿ. ಆ ಸಾಲು ತುಂಬೋ ಮೊದಲು, ಆ ಜಾಗದಲ್ಲಿ ಇರೋರಿಂದ ನಿಮಗೆ ಏನು ಕೆಲಸ ಬೇಕು ಅಂತ ಕೇಳ್ತೀನಿ. ಬರೀ ಹೊಸ ಭಾಷೆ ಅಂದ್ರೆ ನನ್ನ ಹತ್ರ ಉತ್ತರ ಇಲ್ಲ. ಬೇರೆ ಏನಾದ್ರೂ ಅಂದ್ರೆ, ಆ ಎರಡು ಗಂಟೆ ರಾತ್ರಿಗಳ ಪಟ್ಟಿ ತಗೊಂಡು ಹೋಗ್ತಾ ಇದೀನಿ.