ರಕ್ತಪರೀಕ್ಷೆಯಲ್ಲಿ ಕ್ಯಾನ್ಸರ್ ಸುಳಿವು: ಎಷ್ಟು ನಂಬಬಹುದು?

ಒಂದೇ ರಕ್ತಪರೀಕ್ಷೆಯಿಂದ ಐವತ್ತಕ್ಕೂ ಹೆಚ್ಚು ಬಗೆಯ ಕ್ಯಾನ್ಸರ್‌ಗಳ ಸುಳಿವು ಹಿಡಿಯಬಹುದೆಂಬ ಭರವಸೆಯೊಂದಿಗೆ ಅಮೆರಿಕದ ಗ್ರೇಲ್ ಕಂಪನಿ 2021ರಲ್ಲಿ ‘ಗ್ಯಾಲೆರಿ’ ಪರೀಕ್ಷೆಯನ್ನು ಮಾರುಕಟ್ಟೆಗೆ ತಂದಿತು. ರೋಗಲಕ್ಷಣಗಳೇ ಇಲ್ಲದವರಿಗಾಗಿ ರೂಪಿಸಲಾದ ಈ ಪರೀಕ್ಷೆಯ ತಳಹದಿ ಡಿಎನ್‌ಎ ಮಿಥೈಲೀಕರಣ.

ಡಿಎನ್‌ಎಯ ಮೂಲ ಅಕ್ಷರಕ್ರಮ ಬದಲಾಗದೆಯೇ ಅದಕ್ಕೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಳ್ಳುವುದೇ ಮಿಥೈಲೀಕರಣ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದರ ಮೇಲೆ ಇದು ಪ್ರಭಾವ ಬೀರುತ್ತದೆ. ಕ್ಯಾನ್ಸರ್ ಜೀವಕೋಶಗಳಲ್ಲಿ ಈ ಗುರುತುಗಳ ವಿನ್ಯಾಸ ಕೆಡುತ್ತದೆ. ಸಾಯುವ ಕೋಶಗಳಿಂದ ರಕ್ತಕ್ಕೆ ಸೇರುವ ಡಿಎನ್‌ಎ ತುಣುಕುಗಳಲ್ಲಿ ಆ ವ್ಯತ್ಯಾಸವನ್ನು ಪ್ರಯೋಗಾಲಯದಲ್ಲಿ ಗುರುತಿಸಬಹುದು.

ಲಕ್ಷಣಗಳು ಕಾಣಿಸಿಕೊಂಡ ರೋಗಿಗಳಲ್ಲಿ ಈ ವಿಜ್ಞಾನ ಈಗಾಗಲೇ ತನ್ನ ಬೆಲೆಯನ್ನು ಸಾಬೀತುಪಡಿಸಿದೆ. ಪ್ರೇಡರ್-ವಿಲ್ಲಿ ಎಂಬ ಆನುವಂಶಿಕ ಕಾಯಿಲೆಯ ಶೇ. 99ರಷ್ಟು ಪ್ರಕರಣಗಳನ್ನು 15ನೇ ವರ್ಣತಂತುವಿನ ಮಿಥೈಲೀಕರಣ ಪರೀಕ್ಷೆಯೇ ಪತ್ತೆಹಚ್ಚುತ್ತದೆ. ಮಿದುಳು ಗಡ್ಡೆಗಳ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಲ್ಲಿಯೂ ಈ ವಿಧಾನಕ್ಕೆ ಸ್ಥಾನ ದೊರೆತಿದೆ.

ಆದರೆ ಆರೋಗ್ಯವಂತರ ತಪಾಸಣೆಯ ಲೆಕ್ಕಾಚಾರವೇ ಬೇರೆ. ಗ್ಯಾಲೆರಿ ತಂತ್ರಜ್ಞಾನವನ್ನು ಕುರಿತ ‘ಪಾತ್‌ಫೈಂಡರ್’ ಅಧ್ಯಯನವು 2023ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಐವತ್ತು ದಾಟಿದ 6,621 ಮಂದಿಯ ಪೈಕಿ 92 ಮಂದಿಯಲ್ಲಿ ಕ್ಯಾನ್ಸರ್ ಸುಳಿವು ಕಂಡಿತ್ತು. ಅವರಲ್ಲಿ ಕ್ಯಾನ್ಸರ್ ದೃಢಪಟ್ಟಿದ್ದು 35 ಮಂದಿಗೆ ಮಾತ್ರ. ಉಳಿದ 57 ಮಂದಿಯದು ಹುಸಿ ಎಚ್ಚರಿಕೆ. ಇನ್ನೊಂದೆಡೆ, ವರ್ಷದೊಳಗೆ ಕ್ಯಾನ್ಸರ್ ಪತ್ತೆಯಾದ 121 ಮಂದಿಯಲ್ಲಿ 86 ಮಂದಿಗೆ ಈ ಪರೀಕ್ಷೆ ಯಾವ ಸುಳಿವನ್ನೂ ನೀಡಿರಲಿಲ್ಲ.

ಈ ಅಂಕಿಗಳಿಗೆ ಎರಡು ಮುಖಗಳಿವೆ. ಪತ್ತೆಯಾದವುಗಳಲ್ಲಿ ನಿಯಮಿತ ತಪಾಸಣಾ ವ್ಯವಸ್ಥೆಯೇ ಇಲ್ಲದ ಕ್ಯಾನ್ಸರ್‌ಗಳೂ ಇದ್ದವು ಎಂಬುದು ಕಡಿಮೆ ಸಾಧನೆಯಲ್ಲ. ಆದರೆ ಹುಸಿ ಎಚ್ಚರಿಕೆ ಪಡೆದವರು ಸ್ಕ್ಯಾನ್, ಬಯಾಪ್ಸಿಗಳ ಖರ್ಚು ಮತ್ತು ಆತಂಕವನ್ನು ಎದುರಿಸಬೇಕಾಗುತ್ತದೆ. ‘ಸುಳಿವಿಲ್ಲ’ ಎಂಬ ವರದಿ ನಂಬಿ ಮ್ಯಾಮೊಗ್ರಾಂ, ಪ್ಯಾಪ್ ಪರೀಕ್ಷೆ ಅಥವಾ ಕೊಲೊನೊಸ್ಕೋಪಿಯನ್ನು ಕೈಬಿಟ್ಟರೆ ಅಪಾಯ ಇನ್ನೂ ದೊಡ್ಡದು.

ರೋಗವನ್ನು ಬೇಗ ಕಂಡುಹಿಡಿಯುವುದು ಮತ್ತು ಸಾವನ್ನು ತಪ್ಪಿಸುವುದು ಒಂದೇ ಅಲ್ಲ. ಕೆಲವು ಗಡ್ಡೆಗಳು ಬೇಗ ಪತ್ತೆಯಾದರೂ ಚಿಕಿತ್ಸೆಗೆ ಬಗ್ಗುವುದಿಲ್ಲ. ಕೆಲವು ಜೀವಕ್ಕೆ ಎಂದೂ ಎರವಾಗುವುದಿಲ್ಲ. ಆದ್ದರಿಂದ ಇಂತಹ ಪರೀಕ್ಷೆಗಳ ಅಂತಿಮ ಒರೆಗಲ್ಲು ಎಷ್ಟು ಕ್ಯಾನ್ಸರ್ ಸಿಕ್ಕಿತು ಎಂಬುದಲ್ಲ, ಎಷ್ಟು ಜೀವ ಉಳಿಯಿತು ಎಂಬುದು. ಅಲ್ಲಿಯವರೆಗೆ ಸುಳಿವು ಕಂಡ ವರದಿಯನ್ನು ರೋಗನಿರ್ಣಯವೆಂದೂ, ಸುಳಿವಿಲ್ಲದ ವರದಿಯನ್ನು ಆರೋಗ್ಯದ ಪ್ರಮಾಣಪತ್ರವೆಂದೂ ಭಾವಿಸದಿರುವುದೇ ವಿವೇಕ.