ಕ್ಷಮೆಗೂ ಮೊದಲು

ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ಅವರ ಹೆಸರು ಬಂದಾಗಲೆಲ್ಲ ನೆನಪಾಗುವುದು 1965ರ ಕಾದಂಬರಿ ‘ವಂಶವೃಕ್ಷ’. ಅದರ ಕೊನೆಯನ್ನು ಕನ್ನಡದ ದೊಡ್ಡ ಕ್ಷಮಾದೃಶ್ಯವೆಂದು ಹೇಳಿಕೊಂಡು ಬಂದಿದ್ದೇವೆ. ಆದರೆ ಅಲ್ಲಿ ವಾಸಿಯಾಗುವುದು ಯಾರ ಗಾಯ?

ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ಮಗ ಕಪಿಲಾ ನದಿಯ ಪಾಲಾಗುತ್ತಾನೆ. ವಿಧವೆ ಸೊಸೆ ಕಾತ್ಯಾಯನಿ ಮೈಸೂರಿಗೆ ಓದಲು ಹೋಗಿ ರಾಜನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಮಗು ಚೀನಿ ಅಜ್ಜನ ಮನೆಯಲ್ಲೇ ಉಳಿಯುತ್ತದೆ. ಶ್ರೋತ್ರಿಯರು ಅವಳನ್ನು ಶಪಿಸುವುದಿಲ್ಲ, ಕೆಟ್ಟ ಮಾತಾಡುವುದಿಲ್ಲ. ಆದರೂ ಅವರ ಬೆನ್ನಿಗೆ ವಂಶದ ಬಲವಿದೆ, ಅವಳಿಗೆ ಯಾರ ಬಲವೂ ಇಲ್ಲ. ಬೆಳೆದ ಚೀನಿ ಹೆತ್ತವಳನ್ನು ತಾಯಿಯೆಂದು ಒಪ್ಪಿಕೊಳ್ಳದೆ ಮುಖ ತಿರುಗಿಸುತ್ತಾನೆ. ಆ ಬಲ ಕುಸಿಯುವುದು, ತಾವೇ ಆ ವಂಶದ ರಕ್ತವಲ್ಲವೆಂದು ಮುದುಕರಿಗೆ ತಿಳಿದಾಗ. ಆಸ್ತಿಯ ಹಂಗು ಬಿಟ್ಟು ಹೊರಟ ಶ್ರೋತ್ರಿಯರು ಸಾಯುತ್ತಿರುವ ಕಾತ್ಯಾಯನಿಯ ಬಳಿಗೆ ಬರುತ್ತಾರೆ, ಚೀನಿಯನ್ನೂ ತಾಯಿಯ ಹತ್ತಿರ ಕಳಿಸುತ್ತಾರೆ.

ನನ್ನ ಮಟ್ಟಿಗೆ ಈ ಕಾದಂಬರಿಯ ಸತ್ವ ಇರುವುದು ಆ ಕ್ರಮದಲ್ಲಿ: ಮೊದಲು ಸತ್ಯ, ಆಮೇಲೆ ಸೊಸೆಯ ಹಾಸಿಗೆಯ ಪಕ್ಕ. ತನ್ನ ಬುಡ ಅರಿತವನ ಮಾತಿಗೆ ಮಾತ್ರ ಗಾಯ ಮುಟ್ಟುವ ಹಕ್ಕು ಬರುತ್ತದೆ. ಮತ್ತೆ ಮತ್ತೆ ಗರ್ಭಪಾತವಾಗಿ ಸೊರಗಿದ ಕಾತ್ಯಾಯನಿಗೆ ಲೇಖಕರು ಶಿಕ್ಷೆ ವಿಧಿಸಿದ್ದಾರೆ ಎಂಬ ಹಳೆಯ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಅಜ್ಜ ಮೊಮ್ಮಗ ಇಬ್ಬರೂ ಹಗುರಾದರು. ಅವಳಿಗೆ ಬದುಕಲು ದಿನಗಳೇ ಉಳಿದಿರಲಿಲ್ಲ.

ತಮಿಳುನಾಡಿನ ಸೇಲಂ, ಧರ್ಮಪುರಿಯ ಅನೇಕ ಮನೆಗಳಲ್ಲಿ ಆಡುವುದು ಕನ್ನಡ, ಓದುವುದು ತಮಿಳು. ಅಲ್ಲಿನ ನಮ್ಮ ಓದುಗರ ಮುಂದೆ ಕ್ಷಮೆಯ ಮಾತೆತ್ತುವಾಗ ವಾಚಾತ್ತಿಯನ್ನು ದಾಟಿ ಹೋಗಲಾಗದು. ಧರ್ಮಪುರಿ ಜಿಲ್ಲೆಯ ಹರೂರಿನ ಕಡೆ, ಸಿತ್ತೇರಿ ಬೆಟ್ಟದ ತಪ್ಪಲಿನ ಬುಡಕಟ್ಟಿನ ಊರು. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಊರಿಗೆ ನುಗ್ಗಿದರು. ಮನೆಗಳನ್ನು ಹಾಳುಗೆಡವಿದರು, 18 ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಹೆಂಗಸರನ್ನೂ ಮಕ್ಕಳನ್ನೂ ಸೇಲಂ ಜೈಲಿಗೆ ತಳ್ಳಿದರು. ಅಂಥದ್ದೇನೂ ಆಗಿಲ್ಲವೆಂದೇ ಸರ್ಕಾರ ವಾದಿಸಿತು. ಊರವರು ಬಿಡಲಿಲ್ಲ. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ನ್ಯಾಯಾಲಯ, 269 ಆರೋಪಿಗಳಲ್ಲಿ ಬದುಕಿದ್ದ 215 ಮಂದಿಯನ್ನೂ ಅಪರಾಧಿಗಳೆಂದಿತು. ಉಳಿದ 54 ಜನ ಅಷ್ಟರಲ್ಲಿ ಸತ್ತಿದ್ದರು. 2023ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಪಿ. ವೇಲ್ಮುರುಗನ್ ತಾವೇ ಊರಿಗೆ ಹೋಗಿ ನೋಡಿಬಂದರು, ಸೆಪ್ಟೆಂಬರ್ 29ರಂದು ಶಿಕ್ಷೆಯನ್ನು ಎತ್ತಿಹಿಡಿದು, ಆ ಮಹಿಳೆಯರಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿದರು.

ಈ ನಡುವಿನ ವರ್ಷಗಳಲ್ಲಿ ಆ ಹೆಂಗಸರಿಗೆ ‘ಆದದ್ದು ಆಯಿತು, ಮರೆತುಬಿಡಿ’ ಎನ್ನಲು ಯಾರಿಗೂ ಬಾಯಿರಬಾರದಿತ್ತು. ಕ್ಷಮಿಸುವುದು ಬಿಡುವುದು ಅವರ ಪಾಲಿನದು. ಒಪ್ಪಿಕೊಳ್ಳುವುದು ಮಾಡಿದವರ ಪಾಲಿನದು, ಅದೂ ನ್ಯಾಯಾಲಯ ಬಾಗಿಲು ತಟ್ಟುವ ಮೊದಲೇ ಆಗಬೇಕಾದದ್ದು. ಮುಪ್ಪಿನ ಶ್ರೋತ್ರಿಯರು ಯಾರೂ ಕೇಳದೆಯೇ ಸತ್ಯದ ಎದುರು ನಿಂತರು. ಅಷ್ಟು ಮಟ್ಟಿಗೆ ಅವರು ನನಗೆ ದೊಡ್ಡವರು.

‘ವಂಶವೃಕ್ಷ’ವನ್ನು ಮತ್ತೆ ಓದುವವರು ಈ ಸಲ ಕೊನೆಯ ಪುಟಗಳನ್ನು ಕಾತ್ಯಾಯನಿಯ ಕಡೆಯಿಂದ ಓದಿ ನೋಡಲಿ. ಅನಿಸಿದ್ದನ್ನು ನಮಗೆ ಬರೆಯಿರಿ. ಕನ್ನಡ ಬರೆಯಲು ಬಾರದ ಗಡಿಯಾಚೆಯ ಓದುಗರು ತಮಿಳಿನಲ್ಲೇ ಬರೆದು ಕಳಿಸಿದರೂ ಸರಿ, ಅನುವಾದಿಸಿ ಅಚ್ಚು ಹಾಕುತ್ತೇವೆ.